ಬೀಜಾಡಿಯ ಹಿತ್ತಾಳೆ ಕ್ಯಾರಿಯರ್

ಕೋಡಿ, ಕುಂದಾಪುರ
19 ನವೆಂಬರ್ 2023

ಮಗಳು ನವ್ಯಶ್ರೀಗೆ ಅಪ್ಪಯ್ಯನ ಆಶೀರ್ವಾದ.

ಪೆಟ್ಟಿಗೆಯನ್ನು ನಿಧಾನಕ್ಕೆ ಬಿಚ್ಚು. ಮೇಲಿರುವುದು ನಿನ್ನ ಅಮ್ಮ ಕೊಟ್ಟ ಒಣ ಸಿಗಡಿ. ಅದರಡಿ ಹಳೇ ಸೀರೆಯಲ್ಲಿ ಸುತ್ತಿರುವುದು ನಾನು ಕಳಿಸಿದ್ದು. ಎರಡಕ್ಕೂ ಒಂದೇ ವಾಸನೆ ಬಂದಿದ್ದರೆ ಬೈಗುಳ ಅಮ್ಮನಿಗೆ ಸೇರಬೇಕು.

ಅದು ಚಕ್ಕುಲಿ ಒರಳು. ತಲ್ಲೂರಿನ ಗುಡ್ಡನ ಗುಜರಿ ಅಂಗಡಿಯಲ್ಲಿ, ಪಂಪಿನ ತುಂಡು, ಸೈಕಲ್ ರಿಮ್ಮುಗಳ ರಾಶಿಯೊಳಗೆ ಬಿದ್ದಿತ್ತು. ಕಪ್ಪಗೆ, ಎಣ್ಣೆಜಿಡ್ಡು ಹಿಡಿದು, ಯಾರೂ ಕಾಲಲ್ಲೂ ಮುಟ್ಟುವಂತಿರಲಿಲ್ಲ. ಕೈಗೆತ್ತಿಕೊಂಡೆ. ತೂಕ ನೋಡಿಯೇ ಅನುಮಾನ ಬಂತು. ಉಗುರಿನಿಂದ ಕೆರೆದರೆ ಒಳಗೆ ಚಿನ್ನದಂಥ ಬಣ್ಣ! ಸುಮ್ಮನೆ ಕಬ್ಬಿಣದ ಲೆಕ್ಕದಲ್ಲಿ ತಂದುಬಿಡಬಹುದಿತ್ತು. ಮನಸ್ಸು ಬರಲಿಲ್ಲ. "ಗುಡ್ಡ, ಇದ್ ಕಬ್ಬಿಣ ಅಲ್ಲ ಮಾರಾಯ, ಹಿತ್ತಾಳೆ" ಎಂದೆ. ಅವನು ನಕ್ಕ. "ನಂಗ್ ಗೊತ್ತಿರ್ಲಿಲ್ಲ, ನೀವ್ ಹೇಳ್ದೇ ಇದ್ರೆ ನಂಗೆಂತ ಗೊತ್ತಾತ್ತಿತ್? ಮಗಳ ಮನೆಗ್ ಅಲ್ದಾ? ತಕಂಡ್ ಹೋಯ್ನಿ" ಎಂದು ಕೊಟ್ಟುಬಿಟ್ಟ.

ಹುಣಸೆಹಣ್ಣು, ಬೂದಿ ಹಾಕಿ ಎರಡು ದಿನ ಉಜ್ಜಿದ್ದೇನೆ. ಮೂವತ್ತು ವರ್ಷ ಮೀನಿನ ಲಾರಿ ಓಡಿಸಿದವನಿಗೆ ಮನೆಯಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತದೆ. ಹೊಸ ಅಡುಗೆಮನೆಗೆ ಹಳೇ ಪಾತ್ರೆ ಬೇಕು ಎಂದು ನೀನು ಕೇಳಿದ ದಿನದಿಂದ ನನಗೆ ಬೆಳಿಗ್ಗೆ ಏಳಲು ಒಂದು ಕಾರಣ ಸಿಕ್ಕಿದೆ.

ಫೋನಿನಲ್ಲಿ "ಊಟ ಆಯ್ತಾ" ಎನ್ನುವುದರಾಚೆ ನನಗೆ ಮಾತು ಹೊರಡುವುದಿಲ್ಲ. ಕೊಚ್ಚಿ, ಗೋವಾ ಎಂದು ತಿರುಗುವಾಗ ನಿನ್ನ ಅಮ್ಮನಿಗೆ ಬರೆದು ಬರೆದು ಪೆನ್ನೇ ಸಲೀಸು. ಅದಕ್ಕೇ ಪೆಟ್ಟಿಗೆಯೊಳಗೆ ಈ ಕಾಗದ. ಒರಳನ್ನು ಎಲ್ಲಿ ಇಟ್ಟೆ ಎಂದು ತಿಳಿಸು. ಅಳಿಯ ರತೀಶರಿಗೆ ನಮ್ಮ ನೆನಪು ಹೇಳು.

ಇತಿ ನಿನ್ನ ಪ್ರೀತಿಯ
ಅಪ್ಪಯ್ಯ


ಪುಣೆ
6 ಡಿಸೆಂಬರ್ 2023

ಅಪ್ಪಯ್ಯನಿಗೆ ನಮಸ್ಕಾರ.

ಒರಳು ತಲುಪಿತು. ಅಡುಗೆಮನೆಯ ಕಿಟಕಿಯ ಪಕ್ಕ ಇಟ್ಟಿದ್ದೇನೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಹೊಳೆಯುತ್ತದೆ. ರತೀಶ್‌ಗೆ ಕೆಲಸ ಬಹಳ, ಮನೆಯಲ್ಲಿ ಇರುವುದೇ ಕಡಿಮೆ.

ಇನ್ನೂ ಸಿಕ್ಕಿದರೆ ಕಳಿಸಿ ಅಪ್ಪಯ್ಯ. ಸ್ಟೀಲ್ ಬೇಡ, ಹಿತ್ತಾಳೆ, ಮರ, ಪಿಂಗಾಣಿ ಏನಾದರೂ ಆದೀತು. ಹೆಸರು ಕೆತ್ತಿದ್ದು ಇದ್ದರೆ ಇನ್ನೂ ಚೆಂದ. ಯಾರ ಮನೆಯದು, ಹೇಗೆ ಸಿಕ್ಕಿತು ಎಂದು ಹೀಗೇ ಉದ್ದಕ್ಕೆ ಬರೆಯಿರಿ. ನಿಮ್ಮ ಕಾಗದ ಇಲ್ಲದಿದ್ದರೆ ಪಾತ್ರೆ ಬರೀ ಪಾತ್ರೆ.

ಒಂದು ಮಾತು. ಹಗಲಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಇನ್ನು ಮುಂದೆ ಪಾರ್ಸೆಲ್ಲನ್ನು ನನ್ನ ಆಫೀಸಿನ ವಿಳಾಸಕ್ಕೇ ಹಾಕಿ. ಕೆಳಗೆ ಬರೆದಿದ್ದೇನೆ.

ಅಮ್ಮನ ಸಿಗಡಿ ಚಟ್ನಿ ಮಾಡಿ ಮುಗಿಸಿದೆ.

ನಿಮ್ಮ
ನವ್ಯಾ


ಕೋಡಿ, ಕುಂದಾಪುರ
21 ಜನವರಿ 2024

ಮಗಳು ನವ್ಯಾಳಿಗೆ ಆಶೀರ್ವಾದ.

ಈ ಸಲ ತಡವಾಗಿದ್ದಕ್ಕೆ ಒಂದು ಕೋಳಿ ಕಾರಣ.

ಬ್ರಹ್ಮಾವರದ ಒಳಗೆ ಒಂದು ಹಳೇ ಮನೆ ಕೀಳುತ್ತಿದ್ದಾರೆಂದು ಸುದ್ದಿ ಬಂತು. ಸ್ಕೂಟರ್ ಹತ್ತಿ ಹೋದೆ. ಬಾಗಿಲು, ದಾರಂದ ಎಲ್ಲ ಆಗಲೇ ದೊಡ್ಡ ವ್ಯಾಪಾರಿಗಳ ಲಾರಿ ಹತ್ತಿತ್ತು. ಬರಿಗೈಯಲ್ಲಿ ತಿರುಗುವಾಗ ಹಿತ್ತಿಲಲ್ಲಿ ಕಣ್ಣಿಗೆ ಬಿತ್ತು, ಅನ್ನ ಬಸಿಯುವ ಮರದ ಮರಿಗೆ. ಒಂದೇ ಮರದ ತುಂಡಿನಿಂದ ಕೊರೆದದ್ದು, ಎರಡು ಕಡೆ ಹಿಡಿ, ಅಂಚು ಸವೆದು ಬೆಣ್ಣೆಯ ಹಾಗೆ ನುಣುಪಾಗಿತ್ತು. ಆದರೆ ಅದರೊಳಗೆ ಒಂದು ಹೇಂಟೆ ಮೊಟ್ಟೆಗೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಮನೆಯಾಕೆ, "ಕೊಡುಕೆ ಅಡ್ಡಿಲ್ಲ, ಆರೆ ಈಗ ಎಬ್ಬ್ಸುಕಾತಿಲ್ಲೆ. ಮರಿ ಆದ್ಮೇಲೆ ಬನ್ನಿ" ಎಂದರು.

ಕಾದೆ. ಮಧ್ಯೆ ಎರಡು ಸಲ ಹೋಗಿ ನೋಡಿಕೊಂಡೂ ಬಂದೆ. ನಿನ್ನ ಅಮ್ಮ ದಿನಾ, "ಹ್ವಾಯ್, ಕೋಳಿ ಬಾಣಂತನ ಮುಗೀತಾ?" ಎಂದು ಕೇಳುತ್ತಿದ್ದಳು. ಕೊನೆಗೆ ಹನ್ನೊಂದು ಮರಿ ಆದವು, ಮರಿಗೆ ನನ್ನದಾಯಿತು. ತಂದ ದಿನ ನಿನ್ನ ಅಮ್ಮನೇ ಅದನ್ನು ಬಿಸಿನೀರು ಹಾಕಿ ತಿಕ್ಕಿದಳು, "ನನ್ನ ಅಜ್ಜಿ ಮನೆಯಂಗೂ ಹೀಂಗೇ ಒಂದ್ ಇತ್ತ್" ಎನ್ನುತ್ತಾ. ಬಾಯಲ್ಲಿ ಗುಜರಿ ಗುಜರಿ ಎಂದು ಬಯ್ಯುವವಳು ಅದನ್ನು ಒರೆಸಿ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಜೊತೆಗೆ ಬೈಂದೂರಿನದು ನಾಲ್ಕು ಎನಾಮಲ್ ತಟ್ಟೆ ಇದೆ. ಅಲ್ಲೊಂದು ಹಳೇ ಚಾ ಹೋಟೆಲ್ ಮುಚ್ಚಿದರು. ನೀಲಿ ಅಂಚು ಅಲ್ಲಲ್ಲಿ ಕಿತ್ತುಹೋಗಿದೆ, ಬೇಸರ ಮಾಡಬೇಡ. ಲಾರಿ ನಿಲ್ಲಿಸಿ ಅದರಲ್ಲೇ ಎಷ್ಟೋ ಸಲ ಬನ್ಸ್ ತಿಂದಿದ್ದೇನೆ. ನೀನು, ರತೀಶ್ ಕೂತು ಉಣ್ಣುವಾಗ ನನ್ನ ನೆನಪಾಗಲಿ.

ಮರಿಗೆಯನ್ನು ಎಲ್ಲಿ ಇಟ್ಟೆ, ಬರೆ.

ನಿನ್ನ ಪ್ರೀತಿಯ
ಅಪ್ಪಯ್ಯ


ಕೋಡಿ, ಕುಂದಾಪುರ
10 ಮಾರ್ಚ್ 2024

ಮಗಾ ನವ್ಯಾ,

ಇವತ್ತಿನದನ್ನು ಓದಿ ಮನಸ್ಸಿನಲ್ಲೇ ಇಟ್ಟುಕೋ.

ಬೀಜಾಡಿಯ ಕಮಲಕ್ಕ ನಿನಗೆ ನೆನಪಿರಬೇಕು. ಅಮ್ಮ ಒಣಮೀನು ತರುವುದು ಅವರಲ್ಲೇ. ಮೊನ್ನೆ ನಾನು ಹೋದಾಗ, "ಬಚ್ಚಣ್ಣ, ನೀವ್ ಹಳೇ ಪಾತ್ರೆ ತಕಂತ್ರಿ ಅಂಬ್ರಲೆ, ನಮ್ಮನಂಗ್ ಒಂದಿತ್ತ್" ಎಂದು ಅಟ್ಟದಿಂದ ಇಳಿಸಿ ಕೊಟ್ಟರು. ಮೂರು ಡಬ್ಬಿಯ ಹಿತ್ತಾಳೆ ಟಿಫಿನ್ ಕ್ಯಾರಿಯರ್. ಒಂದು ತಗ್ಗಿಲ್ಲ, ಒಂದು ಗೀರಿಲ್ಲ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಮರಾಠಿ ಅಕ್ಷರ. ಇಷ್ಟು ವರ್ಷ ಒಮ್ಮೆಯೂ ಬಳಸಿಲ್ಲವೇ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಅವರ ಗಂಡ ಮುಂಬೈಯ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಊರಿಗೆ ಬರುವಾಗ ತಂದದ್ದು ಇದು. ಮಿಲ್ಲಿನವರು ಕೊಟ್ಟದ್ದು, ಮೇಲಿರುವುದು ಮಿಲ್ಲಿನ ಹೆಸರು ಎಂದು ಹೇಳಿದರಂತೆ. ಒಂದು ತಿಂಗಳು ಕಮಲಕ್ಕ ದಿನಾ ಅದರಲ್ಲೇ ಗಂಜಿ, ಮೀನುಸಾರು ತುಂಬಿ, ಬೋಟಿನ ಕೆಲಸಕ್ಕೆ ಸೇರಿದ ಗಂಡನಿಗೆ ಕಳಿಸಿದರು. ಆಮೇಲೆ ಮುಂಬೈಯಿಂದ ಬಂದ ಪಕ್ಕದ ಮನೆಯ ಹೆಂಗಸೊಬ್ಬಳು ತೊಳೆದಿಟ್ಟ ಮುಚ್ಚಳ ನೋಡಿ, "ಸುಲಭಾ ಅಂತ ಹೆಂಗ್ಸಿನ್ ಹೆಸ್ರ್ ಬರ್ದಿತ್ತಲೆ ಕಮಲಕ್ಕ, ಯಾರ್ ಅದ್?" ಎಂದಳಂತೆ.

"ಅವ್ರ ಧಣಿ ಹೆಂಡ್ತಿ ಅಂದೆ ಬಚ್ಚಣ್ಣ. ಬಾಯಿಗ್ ಅದೇ ಬಂತ್. ಮರುದಿನ ಅಲ್ಯೂಮಿನಿಯಂ ಡಬ್ಬಿಯಂಗ್ ಬುತ್ತಿ ಕಟ್ದೆ. ಕ್ಯಾರಿಯರ್ ಎಲ್ಲಿ ಅಂತ ಕೇಂಡ್ರ್. ತೂತಾಯ್ತ್ ಅಂದೆ. ನನ್ನ್ ಮುಖ ಕಂಡ್ರ್. ಮತ್ತ್ ಸಾಯುವರೆಗೂ ಕೇಂಬ್ಲಿಲ್ಲ."

ಇಷ್ಟೇ ಮಗಾ. ಬೈಗುಳ ಇಲ್ಲ, ಜಗಳ ಇಲ್ಲ. ಗಂಡ ತೀರಿ ಆರು ವರ್ಷ ಆಯಿತು. ಮಗ ವಿಶಾಲ್ ದಿನಾ ಅಪ್ಪನ ಫೋಟೋಕ್ಕೆ ಹೂವು ಹಾಕಿಯೇ ಬೋಟಿಗೆ ಹೋಗುವುದು. "ಮಕ್ಳಿಗ್ ಗೊತ್ತಿಲ್ಲೆ. ಯಾರಿಗೂ ಹೇಳ್ಬ್ಯಾಡಿ" ಎಂದರು. ನಿನಗೆ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ ಎಂದು ಬರೆದೆ.

ದೂರದ ಪುಣೆಯಲ್ಲಿ ನನ್ನ ಮಗಳ ಮನೆಗೆ ಹೋಗುತ್ತದೆ ಎಂದಾಗ, "ಅಷ್ಟ್ ದೂರ ಹೋಪುದಾರೆ ಒಳ್ಳೇದೇ" ಎಂದರು. ಚೆನ್ನಾಗಿ ನೋಡಿಕೋ.

ಮೇ ತಿಂಗಳಲ್ಲಿ ನಾನೂ ಅಮ್ಮನೂ ಬಂದು ನಾಲ್ಕು ದಿನ ಇದ್ದು ಹೋಗೋಣ ಎಂದಿದ್ದೇವೆ. ಕಳಿಸಿದ್ದೆಲ್ಲ ಒಟ್ಟಿಗೆ ಹೇಗೆ ಕಾಣುತ್ತದೋ ನೋಡುವ ಆಸೆ.

ನಿನ್ನ ಪ್ರೀತಿಯ
ಅಪ್ಪಯ್ಯ


ಪುಣೆ
2 ಏಪ್ರಿಲ್ 2024

ಅಪ್ಪಯ್ಯನಿಗೆ ನಮಸ್ಕಾರ.

ಕ್ಯಾರಿಯರ್ ಬಂತು. ಕಮಲಕ್ಕನ ವಿಷಯ ಎರಡು ಸಲ ಓದಿದೆ.

ಮೇನಲ್ಲಿ ಬರಬೇಡಿ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಕೂರಲೂ ಜಾಗ ಇರುವುದಿಲ್ಲ. ಮಳೆಗಾಲ ಮುಗಿಯಲಿ, ನಾನೇ ಹೇಳುತ್ತೇನೆ. ಅಮ್ಮನಿಗೆ ಬೇಸರ ಆಗದ ಹಾಗೆ ಹೇಳಿ.

ನಿಮ್ಮ
ನವ್ಯಾ


ಕೋಡಿ, ಕುಂದಾಪುರ
27 ಮೇ 2024

ನವ್ಯಶ್ರೀಗೆ,

ನಿನ್ನೆ ಬೀಜಾಡಿಗೆ ಹೋಗಿದ್ದೆ. ಮಳೆಗಾಲಕ್ಕೆ ಒಣಮೀನು ತರಲು. ಕಮಲಕ್ಕ ಜಗಲಿಯ ಮೇಲಿದ್ದರು. "ಬನ್ನಿ" ಎನ್ನಲಿಲ್ಲ. ನಾನು ಅಂಗಳದಲ್ಲೇ ನಿಂತೆ.

ಒಳಗಿನಿಂದ ವಿಶಾಲ್ ಬಂದ. ಫೋನನ್ನು ನನ್ನ ಮುಖಕ್ಕೆ ಹಿಡಿದು, "ಓದಿ ಕಾಂಬ. ನಿಮ್ದೇ ಅಕ್ಷರ ಅಲ್ದಾ?" ಎಂದ.

ನನ್ನದೇ ಅಕ್ಷರ. ನಾನು ಮಾರ್ಚಿನಲ್ಲಿ ನಿನಗೆ ಬರೆದ ಕಾಗದ. ಕಮಲಕ್ಕ ಎಂಬ ಹೆಸರು ಬಂದಲ್ಲೆಲ್ಲ ನೀನು ಸೇವಂತಿಗೆ ಎಸಳು ಇಟ್ಟು ಫೋಟೋ ತೆಗೆದಿದ್ದೀಯ. ಬೀಜಾಡಿ ಎನ್ನುವುದು ಹಾಗೇ ಇದೆ. ವಿಶಾಲ್ ಎನ್ನುವುದೂ ಹಾಗೇ ಇದೆ. ಪಕ್ಕದಲ್ಲಿ ಕ್ಯಾರಿಯರ್, ಮುಚ್ಚಳ ಮೇಲೆ ಮಾಡಿ ಇಟ್ಟದ್ದು. ಕೆಳಗೆ 'ಮಾರಾಟವಾಗಿದೆ' ಎಂದಿದೆ.

ವಿಶಾಲನ ಮಗಳು ಚಂದನಾ ಕುಂದಾಪುರದ ಕಾಲೇಜಿಗೆ ಹೋಗುತ್ತಾಳಲ್ಲ, ಅವಳ ಗೆಳತಿಯೊಬ್ಬಳು ತೋರಿಸಿದ್ದಂತೆ. ಆ ಮಗು ಅಜ್ಜನ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ.

ವಿಶಾಲ್ ಬಯ್ದ. ಬಯ್ಯಲಿ, ಅವನಿಗೆ ಅಧಿಕಾರ ಇದೆ. ಕಮಲಕ್ಕ ಮಾತ್ರ ದನಿ ಏರಿಸಲಿಲ್ಲ. ಮೀನಿನ ಬುಟ್ಟಿಗೆ ಗೋಣಿ ಮುಚ್ಚುತ್ತಾ, "ನಾನ್ ನಿಮ್ಗ್ ಕೊಟ್ಟದ್ದ್ ಕ್ಯಾರಿಯರ್ ಒಂದೇ ಬಚ್ಚಣ್ಣ" ಎಂದರು. ಆಮೇಲೆ ನನ್ನ ಕಡೆ ನೋಡಲಿಲ್ಲ. ಸ್ಕೂಟರ್ ಸ್ಟಾರ್ಟ್ ಮಾಡದೆಯೇ ರಸ್ತೆಯವರೆಗೆ ದೂಡಿಕೊಂಡು ಬಂದೆ.

ಮನೆಗೆ ಬಂದು ಸೊಸೆ ವಿನಯಾಳ ಫೋನಿನಲ್ಲಿ, ನೀನು ಇಂಟರ್‌ನೆಟ್ಟಿನಲ್ಲಿ ಹಾಕಿದ ಉಳಿದದ್ದನ್ನೂ ನೋಡಿದೆ. ಚಕ್ಕುಲಿ ಒರಳು ಇದೆ. ಮರಿಗೆ ಇದೆ. ಬೈಂದೂರಿನ ತಟ್ಟೆಗಳಿವೆ. ಎಲ್ಲದರ ಜೊತೆ ನನ್ನ ಕಾಗದ. ಎಲ್ಲವೂ ಮಾರಾಟವಾಗಿವೆ. ಯಾರೋ ನೂರಾರು ಜನ ಕೆಳಗೆ ಬರೆದಿದ್ದಾರೆ, ಎಷ್ಟು ಮುದ್ದಾದ ಅಪ್ಪ ಎಂದು. ಫೋನಿನ ಸಣ್ಣ ಅಕ್ಷರ ನಿನ್ನ ಅಮ್ಮನ ಕಣ್ಣಿಗೆ ಕಾಣದು, ನಿನಗೆ ಬರೆದದ್ದನ್ನು ನಾನೇ ಆಕೆಗೆ ಓದಿ ಹೇಳಬೇಕಾಯಿತು, ಆಕೆ ಮರಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡದ್ದನ್ನೂ.

ಮಗಳ ಮನೆಗೆ ಎಂದು ನಾನು ಎಷ್ಟು ಬಾಗಿಲಲ್ಲಿ ಕೇಳಿದ್ದೇನೆ ಗೊತ್ತಾ? ಗುಡ್ಡನಿಗೆ ಹೇಳಿದ್ದೇನೆ. ಬ್ರಹ್ಮಾವರದಾಕೆಗೆ ಹೇಳಿದ್ದೇನೆ. ಮಗಳ ಮನೆಗೆ ಎಂದರೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಈಗ ಅವರೆಲ್ಲರ ಎದುರು ನಾನು ಸುಳ್ಳು ಹೇಳಿದವನಾದೆ.

ಕಿಟಕಿಯ ಪಕ್ಕ ಇಟ್ಟಿದ್ದೇನೆ, ಬಿಸಿಲಿಗೆ ಹೊಳೆಯುತ್ತದೆ ಎಂದು ಬರೆದೆಯಲ್ಲ. ಆ ಬಿಸಿಲನ್ನು ನಾನು ದಿನಾ ನೆನೆಸಿಕೊಳ್ಳುತ್ತಿದ್ದೆ.

ಫೋನ್ ಮಾಡಬೇಡ. ನಾನು ಎತ್ತುವುದಿಲ್ಲ.

ಬಚ್ಚ


ಪುಣೆ
9 ಜೂನ್ 2024

ಅಪ್ಪಯ್ಯ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಹೇಗೆ ಬಂದಿದೆಯೋ ಹಾಗೇ ಕಳಿಸುತ್ತೇನೆ.

ಕಿಟಕಿ ಇಲ್ಲ. ಅಡುಗೆಮನೆ ಇಲ್ಲ. ರತೀಶ್ ಕಳೆದ ಸೆಪ್ಟೆಂಬರಿನಲ್ಲೇ ಬೇರೆಯಾದರು. ನೀವು ಒರಳು ಕಳಿಸುವ ಮೊದಲೇ. ಫ್ಲ್ಯಾಟು ಅವರ ಹೆಸರಿನಲ್ಲಿತ್ತು. ಅಂದಿನಿಂದ ನಾನು ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದೇನೆ. ಮಂಚದ ಕೆಳಗೆ ಒಂದು ಸೂಟ್‌ಕೇಸ್ ಇಡುವಷ್ಟು ಜಾಗ ನನ್ನದು.

ಹಳೇ ಪಾತ್ರೆ ಕೇಳಿದ್ದು ಆ ಮನೆಯಲ್ಲಿದ್ದಾಗ. ಬೇಡ ಎನ್ನಬೇಕೆಂದರೆ ಕಾರಣ ಹೇಳಬೇಕಿತ್ತು. ಆ ಫ್ಲ್ಯಾಟಿನ ವಾಚ್‌ಮನ್ ಹತ್ತಿರ ಬಂದಿದ್ದ ಒರಳನ್ನು ತಂದೆ, ಇಡಲು ಜಾಗವಿಲ್ಲದೆ ಮಾರಿದೆ. ಕಾಗದ ಅದರೊಳಗೇ ಉಳಿದುಹೋಗಿತ್ತು, ಅದು ಮಾತ್ರ ನಿಜವಾಗಿಯೂ ತಪ್ಪಿ ಹೋದದ್ದು. ಕೊಂಡ ಹೆಂಗಸು ಇಲ್ಲಿಯ ಕನ್ನಡದವರು. ಕಾಗದದ ಫೋಟೋ ಕಳಿಸಿ, ಓದಿ ಅತ್ತುಬಿಟ್ಟೆ ಎಂದು ಬರೆದರು. ಆಮೇಲಿನದೆಲ್ಲ ತಪ್ಪಿ ಆದದ್ದಲ್ಲ. ಜನ ಪಾತ್ರೆಗಿಂತ ಹೆಚ್ಚಾಗಿ ನಿಮ್ಮ ಮಾತನ್ನು ಕೊಳ್ಳುತ್ತಿದ್ದರು, ನಾನು ಕೊಡುತ್ತಾ ಹೋದೆ.

ನೀವು ಪ್ರತಿ ಕಾಗದದಲ್ಲೂ ಎಲ್ಲಿ ಇಟ್ಟೆ, ಎಲ್ಲಿ ಇಟ್ಟೆ ಎಂದು ಕೇಳುತ್ತಿದ್ದಿರಿ. ನಿಮ್ಮ ಕಾಗದಗಳಲ್ಲಿ ಮಾತ್ರ ನನಗೊಂದು ಮನೆ ಉಳಿದಿತ್ತು ಅಪ್ಪಯ್ಯ. ಅದರಿಂದ ಹೊರಗೆ ಬರಲು ಧೈರ್ಯವಾಗಲಿಲ್ಲ.

ಒಂದು ಮಾತು ಬರೆದು ಹೊಡೆದುಹಾಕಬೇಕೆಂದಿದ್ದೆ, ಹೊಡೆಯುವುದಿಲ್ಲ. ಯಾರಿಗೂ ಹೇಳಬೇಡಿ ಎಂದು ಕಮಲಕ್ಕ ಹೇಳಿದ್ದು ನಿಮಗೆ. ನೀವು ನನಗೆ ಹೇಳಿದಿರಿ. ನಾನು ಊರಿಗೆಲ್ಲ ಹೇಳಿದೆ. ನನ್ನದು ದೊಡ್ಡ ತಪ್ಪು. ಆದರೆ ಮೊದಲನೆಯದು ನನ್ನದಲ್ಲ.

ಎಲ್ಲವನ್ನೂ ತೆಗೆದುಹಾಕಿದ್ದೇನೆ. ಅಮ್ಮನಿಗೆ ರತೀಶನ ವಿಷಯ ನೀವೇ ಹೇಳಿ. ನನ್ನ ಕೈಯಲ್ಲಿ ಆಗುವುದಿಲ್ಲ.

ನವ್ಯಾ


ಪುಣೆ
14 ಜುಲೈ 2024

ಅಪ್ಪಯ್ಯನಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಬರುತ್ತದೆಂದು ನಿರೀಕ್ಷಿಸಿಯೂ ಇಲ್ಲ.

ಕ್ಯಾರಿಯರ್ ಕೊಂಡವರ ಮನೆಗೆ ಮೂರು ಸಲ ಹೋದೆ. ಮೊದಲೆರಡು ಸಲ ಆಗುವುದಿಲ್ಲ ಎಂದರು. ಮೂರನೇ ಸಲ ಏನು ಅನ್ನಿಸಿತೋ, ಒಳಗೆ ಹೋಗಿ ತಂದು ಕೊಟ್ಟರು. ಈ ಪೆಟ್ಟಿಗೆಯಲ್ಲಿ ಇದೆ. ಕಮಲಕ್ಕನಿಗೆ ತಲುಪಿಸಿ. ಅವರ ವಸ್ತು ಅವರಿಗೆ ಹೋದರೆ ಒಂದಿಷ್ಟಾದರೂ ಸರಿಹೋದೀತು.

ನವ್ಯಾ


ಕೋಡಿ, ಕುಂದಾಪುರ
4 ಆಗಸ್ಟ್ 2024

ನವ್ಯಾ,

ಮೊದಲು ಅಮ್ಮನ ವಿಷಯ. ರತೀಶನ ಸುದ್ದಿ ಹೇಳಿದಾಗ ಆಕೆ ಅಳಲಿಲ್ಲ. ನನ್ನನ್ನೇ ನೋಡಿ, "ಪಾತ್ರೆ ಎಲ್ಲಿಟ್ಟೆ ಪಾತ್ರೆ ಎಲ್ಲಿಟ್ಟೆ ಅಂತ ಕೇಂಡ್ರಿ. ಹೆಣ್ಣ್ ಎಲ್ಲಿತ್ತ್ ಅಂತ ಒಂದ್ ಸಲವಾರೂ ಕೇಂಡ್ರ್ಯಾ?" ಎಂದಳು. ಪಾರ್ಸೆಲ್ ಆಫೀಸಿಗೆ ಹಾಕಿ ಎಂದು ನೀನು ಬರೆದೆ, ನಾನು ಹಾಕಿದೆ. ಬರಬೇಡಿ ಎಂದೆ, ಬರಲಿಲ್ಲ. ಗುಜರಿ ರಾಶಿಯಲ್ಲಿ ಹಿತ್ತಾಳೆ ಯಾವುದು ಎಂದು ಮುಟ್ಟಿ ಹೇಳುವವನಿಗೆ ಇಷ್ಟು ತಿಳಿಯಲಿಲ್ಲ.

ಮೊದಲನೇ ತಪ್ಪು ನನ್ನದು ಎಂದೆಯಲ್ಲ, ಹೌದು. ಅದನ್ನು ಓದಿದ ದಿನ ನಿನ್ನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಕ್ಯಾರಿಯರ್ ಹಿಡಿದು ಕಳೆದ ವಾರ ಬೀಜಾಡಿಗೆ ಹೋದೆ. ಮಳೆ ಬಿಟ್ಟಿತ್ತು. ಕಮಲಕ್ಕ ಒಬ್ಬರೇ ಇದ್ದರು. ಕೂರಲು ಹೇಳಿದರು. ನಾನು ಮೊದಲು, ತಪ್ಪಾಯಿತು ಎಂದೆ. ಆಮೇಲೆ ಚೀಲದಿಂದ ಕ್ಯಾರಿಯರ್ ತೆಗೆದು ಎದುರಿಗೆ ಇಟ್ಟೆ. ಅವರು ಸರ್ಪ ಕಂಡವರ ಹಾಗೆ ಹಿಂದೆ ಸರಿದರು.

"ಇದನ್ನ್ ಎಂತಕ್ಕೆ ತಂದ್ರಿ? ಇದನ್ನ್ ಈ ಮನಿಂದ ಹೊರಗ್ ಹಾಕುಕೆ ನಂಗ್ ಮೂವತ್ತ್ ವರ್ಷ ಬೇಕಾಯ್ತ್. ದೂರ ಹ್ವಾತ್ತಲೆ ಅಂತ ಕೊಟ್ಟದ್ದ್. ಮತ್ತೆ ತಂದ್ ಬಾಗಿಲಂಗೆ ಇಡ್ತ್ರ್ಯಾ?"

ನೀನೂ ನಾನೂ ಅದನ್ನು ಅವರ ನಿಧಿ ಎಂದುಕೊಂಡಿದ್ದೆವು. ಹಳೆಯದನ್ನೆಲ್ಲ ಯಾರೋ ಪ್ರೀತಿಯಿಂದ ಕಾಪಾಡಿ ಇಟ್ಟದ್ದು ಎಂದೇ ನಾನು ತಿಳಿದಿದ್ದೆ.

ವಿಶಾಲ್ ಅಪ್ಪನ ಫೋಟೋವನ್ನು ಗೋಡೆಯಿಂದ ಇಳಿಸಿದ್ದಾನೆ. ಕಮಲಕ್ಕ ಮತ್ತೆ ತೂಗುಹಾಕುತ್ತಾರಂತೆ, ಅವನು ಮತ್ತೆ ಇಳಿಸುತ್ತಾನಂತೆ. ತಾಯಿ ಮಗನ ನಡುವೆ ಈಗ ಮಾತು ಇರುವುದು ಆ ಮೊಳೆಯ ವಿಷಯಕ್ಕೆ ಮಾತ್ರ. "ಅವ್ರ್ ನನ್ ಗಂಡ. ನಾನೇ ಸುಮ್ನಿದ್ದೆ. ಇವ್ನಿಗೆಂತ?" ಎಂದರು. ನಾನು ಏಳುವಾಗ, "ನಿಮ್ಮ್ ಹೆಂಡ್ತಿ ಕುಸುಮಂಗೆ ಮೀನ್ ಬೇಕಾರೆ ಅವಳೇ ಬರ್ಲಿ. ನೀವ್ ಬರ್ಬ್ಯಾಡಿ" ಎಂದರು. ಅದನ್ನೂ ಮೆಲ್ಲಗೇ ಹೇಳಿದರು.

ಕ್ಯಾರಿಯರ್ ಇನ್ನೊಬ್ಬರ ಮನೆಗೆ ಹೋಗದ ಹಾಗೆ ಮಾಡಿ ಎಂದು ಕಮಲಕ್ಕ ಕೇಳಿದ್ದರು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಒಂದು ತಗ್ಗಿಲ್ಲದ ಹಿತ್ತಾಳೆ. ಮೊದಲ ಪೆಟ್ಟಿಗೆ ಅದು ಗಂಟೆಯ ಹಾಗೆ ಕೂಗಿತು, ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಮುಚ್ಚಳದ ಅಕ್ಷರ ಪೂರಾ ಅಳಿಸಿಹೋಗುವವರೆಗೆ ಬಡಿದೆ. ಇನ್ನು ನಾನು ಪಾತ್ರೆ ಹುಡುಕಲು ಹೋಗುವುದಿಲ್ಲ. ಹೋದರೂ ಕೊಡುವವರಿಲ್ಲ.

ಮನೆಗೆ ಬಾ. ಅಣ್ಣ ಶೈಲೇಶನೂ ವಿನಯಾಳೂ ನಿನಗೆಂದು ಮಹಡಿಯ ಕೋಣೆ ಖಾಲಿ ಮಾಡಿದ್ದಾರೆ. ಎಷ್ಟು ದಿನ ಇರುತ್ತೀಯೋ ಇರು. ಬಾ ಎಂದದ್ದಕ್ಕೆ ನನ್ನ ಮನಸ್ಸು ತಿಳಿಯಾಯಿತು ಎಂದುಕೊಳ್ಳಬೇಡ, ಆಗಿಲ್ಲ. ನೀನು ಬಂದ ಮೇಲೂ ಕೆಲವು ದಿನ ನನಗೆ ನಿನ್ನ ಜೊತೆ ಕೂತು ಉಣ್ಣಲು ಕಷ್ಟವಾದೀತು. ಆದರೂ ಬಾ. ಬಂದ ಮಾರನೇ ದಿನ ಅಮ್ಮನ ಜೊತೆ ಬೀಜಾಡಿಗೆ ಹೋಗಬೇಕು. ಕಮಲಕ್ಕ ಏನಂದರೂ ಕೇಳಿಸಿಕೊಂಡು ಬರಬೇಕು.

ಇನ್ನು ನಿನಗೆ ಹೇಳಬೇಕಾದ್ದೇನಿದ್ದರೂ ಎದುರಿಗೇ ಹೇಳುತ್ತೇನೆ. ಮಾತು ಹೊರಡದಿದ್ದರೆ ಸುಮ್ಮನಿರುತ್ತೇನೆ. ಕಾಗದ ಬರೆಯುವುದಿಲ್ಲ.

ಇದನ್ನು ಓದಿ ಹರಿದುಹಾಕು. ಹರಿದೆಯೋ ಇಲ್ಲವೋ ನನಗೆ ಇಲ್ಲಿಂದ ಕಾಣುವುದಿಲ್ಲ. ಮೊದಲಾಗಿದ್ದರೆ ಅಂಥ ಯೋಚನೆಯೇ ನನಗೆ ಬರುತ್ತಿರಲಿಲ್ಲ.

ನಿನ್ನ ಅಪ್ಪಯ್ಯ